ಕೊಟ್ಟದ್ದನ್ನು ವಾಪಸ್ ಕೇಳಬಾರದು

ಅಕ್ಟೋಬರ್ 4

ತಮ್ಮಾ,

ನನ್ನಿಂದ ಪತ್ರ ಬಂತೆಂದು ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ಫೋನ್ ಕೊಟ್ಟುಬಿಟ್ಟೆ, ಅಷ್ಟೇ. ನಂಬರನ್ನೂ ರದ್ದು ಮಾಡಿಸಿದೆ. ಇನ್ನೊಂದು ವರ್ಷ ನಿನಗೂ ನನಗೂ ಅಂಚೆಯವನೇ ಗತಿ.

ಕಾರಣ ಕೇಳಿದರೆ ನಗುತ್ತೀಯ. ಹೋದ ಭಾನುವಾರ ಕತ್ತರಿ ಹುಡುಕುತ್ತಿದ್ದೆ. ಮಂಚದ ಕೆಳಗೆ ತೆರೆಯದೇ ಇಟ್ಟಿದ್ದ ಒಂದು ಡಬ್ಬ ಸಿಕ್ಕಿತು. ಬಿಚ್ಚಿ ನೋಡಿದರೆ ಕತ್ತರಿ. ಅದರ ಹಿಂದೆ ಇನ್ನೊಂದು ಡಬ್ಬ, ಅದರಲ್ಲೂ ಕತ್ತರಿ. ಎರಡನ್ನೂ ತರಿಸಿದವಳು ನಾನೇ, ಎರಡೂ ನೆನಪಿಲ್ಲ. ಆಮೇಲೆ ಕೂತು ಮನೆಯನ್ನೆಲ್ಲ ಕೆದಕಿದೆ. ಒಂಟಿ ಹೆಂಗಸಿಗೆ ಇಪ್ಪತ್ತೆರಡು ಲೋಟ, ಮೂರು ಇಸ್ತ್ರಿಪೆಟ್ಟಿಗೆ, ಮೂರು ಕರೆಂಟ್ ಹೀಟರ್, ಕಾಲಿಗೇ ಹಾಕದ ಒಂಬತ್ತು ಜೊತೆ ಷೂ. ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ದಿನವಿಡೀ ನಿಂತು ಊರವರ ಲೆನ್ಸ್ ಉಜ್ಜುತ್ತೇನೆ. ನನ್ನ ಮನೆಯಲ್ಲಿರುವುದು ಮಾತ್ರ ನನ್ನ ಕಣ್ಣಿಗೆ ಕಂಡಿರಲಿಲ್ಲ.

ನಿನಗೆ ಸುಳ್ಳು ಹೇಳುವುದಿಲ್ಲ. ಸಂಜೆ ಮನೆಗೆ ಬಂದಾಗ ಬಾಗಿಲ ಮುಂದೆ ಪೊಟ್ಟಣವೊಂದು ಇದ್ದರೆ, ಯಾರೋ ನನಗಾಗಿ ಕಾಯುತ್ತಿದ್ದಾರೆ ಅನ್ನಿಸುತ್ತಿತ್ತು. ಬಿಚ್ಚಿದ ಮೇಲೆ ಆ ಖುಷಿ ಒಂದು ಕಾಫಿ ಆರುವಷ್ಟು ಹೊತ್ತೂ ಇರುತ್ತಿರಲಿಲ್ಲ. ಆಗ ಬೆರಳು ಮತ್ತೆ ಫೋನಿಗೆ ಹೋಗುತ್ತಿತ್ತು.

ಈಗ ನಿಯಮ ಹಾಕಿಕೊಂಡಿದ್ದೇನೆ. ಒಂದು ವರ್ಷ ಊಟ, ಔಷಧಿ ಬಿಟ್ಟರೆ ಏನನ್ನೂ ಕೊಳ್ಳುವುದಿಲ್ಲ. ದಿನಕ್ಕೊಂದು ವಸ್ತುವನ್ನು ಬೇಕಾದವರಿಗೆ ಕೊಡುತ್ತೇನೆ. ಕೊಟ್ಟದ್ದನ್ನು ವಾಪಸ್ ಕೇಳುವಂತಿಲ್ಲ. ಅದು ಹೇಗಿದೆ, ಎಲ್ಲಿದೆ ಎಂದು ವಿಚಾರಿಸುವಂತೆಯೂ ಇಲ್ಲ, ಯಾಕೆಂದರೆ ವಿಚಾರಿಸಿದರೆ ಬೇಕು ಅನ್ನಿಸುತ್ತದೆ. ಮೊದಲು ಹೋದದ್ದು ಆ ಎರಡು ಕತ್ತರಿ. ಈಗ ಮನೆಯಲ್ಲಿ ಕತ್ತರಿಯೇ ಇಲ್ಲ, ಈ ಲಕೋಟೆಯ ಅಂಚನ್ನು ಹಲ್ಲಿನಲ್ಲಿ ಹರಿದಿದ್ದೇನೆ.

ನಿನ್ನ ಅಕ್ಕ

ಅಕ್ಟೋಬರ್ 12

ಅಕ್ಕಾ,

ನಿನ್ನ ಪತ್ರ ಏಳು ದಿನ ತೆಗೆದುಕೊಂಡಿತು. ನಾಯಿ ಬಾಲ ನಳಿಗೆಯಲ್ಲಿ ಹಾಕಿದರೂ ಡೊಂಕೇ ಅಂತಾರೆ. ಒಂದು ತಿಂಗಳು ತಡೆದು ತೋರಿಸು, ಆಮೇಲೆ ನಂಬುತ್ತೇನೆ. ಹೋದ ವರ್ಷ ಡಯಟ್ ಮಾಡುತ್ತೇನೆಂದು ನೀನು ಮೊದಲು ಮಾಡಿದ ಕೆಲಸ ಎರಡು ತೂಕದ ಯಂತ್ರ ತರಿಸಿದ್ದು.

ಇಲ್ಲಿ ನನ್ನ ಕಥೆಯೂ ನಿನ್ನದೇ. ಸುರಂಗದ ಕ್ಯಾಂಪಿಗೆ ಬರುವ ರಸ್ತೆ ಕುಸಿದಿದೆ. ಮೊದಲಾದರೆ ವಾರಕ್ಕೊಮ್ಮೆ ಕೆಳಗಿನ ಪೇಟೆಗೆ ಇಳಿದು ನಿನಗೆ ಫೋನ್ ಮಾಡುತ್ತಿದ್ದೆ. ಈಗ ಡಿಸೆಂಬರಿನವರೆಗೆ ಯಾರಿಗೂ ರಜೆಯಿಲ್ಲ. ಸಾಮಾನು, ಅಂಚೆಚೀಲ ಮಾತ್ರ ತಂತಿಯ ತೊಟ್ಟಿಲಲ್ಲಿ ಬರುತ್ತವೆ. ಆಫೀಸಿನಲ್ಲಿ ಒಂದೇ ಫೋನು. ಯಾರಿಗೆ, ಏಕೆ ಎಂದು ರಿಜಿಸ್ಟರಿನಲ್ಲಿ ಬರೆದು, ಗುಮಾಸ್ತನ ಮುಂದೆ ನಿಂತೇ ಮಾತಾಡಬೇಕು.

ಸುರಂಗ ಇನ್ನೂರು ಮೀಟರ್ ಮುಂದೆ ಹೋಗಿದೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಗಾಳಿ ಅಳೆಯುವ ಮೀಟರ್ ಹಿಡಿದು ಒಳಗೆ ಹೋಗಿ ನೋಡುವುದು ನಾನೇ. ನಾನು 'ಸರಿ' ಅಂದ ಮೇಲೆ ಉಳಿದವರು. ಜನವರಿಯಲ್ಲಿ ಇಡೀ ವಿಭಾಗದ ಸುರಕ್ಷತೆ ನನಗೆ ವಹಿಸುತ್ತಾರಂತೆ. ಯಾರಿಗೂ ಹೇಳಬೇಡ, ಹೇಳಲು ನಿನ್ನ ಹತ್ತಿರ ಫೋನೂ ಇಲ್ಲವಲ್ಲ.

ಇನ್ನೊಂದು ಸಣ್ಣ ವಿಷಯ. ಏನನ್ನಾದರೂ ಕೊಡು, ನಾನು ಹೋದ ಸಲ ತಂದುಕೊಟ್ಟ ಗ್ಯಾಸ್ ಹೀಟರ್ ಮಾತ್ರ ಯಾರಿಗೂ ಕೊಡಬೇಡ. ಅಟ್ಟದ ಮೇಲೆ ಹಾಗೇ ಇರಲಿ. ನಾನು ಬಂದಾಗ ನೋಡೋಣ.

ತಮ್ಮ

ಅಕ್ಟೋಬರ್ 19

ಗಾಳಿ ಸಾಹೇಬರಿಗೆ,

ತಡವಾಗಿ ಹೇಳಿದೆ. ನಿನ್ನ ಹೀಟರ್ ಹದಿನೈದನೇ ತಾರೀಖು ಮಹಡಿ ಹತ್ತಿತು.

ಮೇಲಿನ ಕೋಣೆಗೆ ಹೊಸದಾಗಿ ಒಬ್ಬಳು ಬಸ್ ಕಂಡಕ್ಟರ್ ಬಂದಿದ್ದಾಳೆ, ಎಂಟು ತಿಂಗಳ ಹೆಣ್ಣುಮಗು ಜೊತೆಗೆ. ಗಂಡ ಇದ್ದಾನೋ ಇಲ್ಲವೋ ನಾನು ಕೇಳಿಲ್ಲ, ಅವಳೂ ಹೇಳಿಲ್ಲ. ಆ ಕೋಣೆಯ ಕಿಟಕಿಯ ಒಂದು ಗಾಜು ಒಡೆದು ಅಂಗೈ ಅಗಲ ಸಂದಿ ಬಿದ್ದಿದೆ. ಮನೆ ಮಾಲೀಕ 'ಹಾಕಿಸ್ತೀನಿ, ಹಾಕಿಸ್ತೀನಿ' ಅನ್ನುತ್ತಾನೆ. ಇಲ್ಲಿ ಈ ಸಲ ಚಳಿ ಬೇಗ ಬಂದಿದೆ. ಮಗುವಿನ ಮೂಗು ಸದಾ ಕೆಂಪು. ಕರೆಂಟ್ ಹೀಟರುಗಳಲ್ಲಿ ಎರಡು ಆಗಲೇ ಹೋಗಿದ್ದವು, ಉಳಿದದ್ದು ನನಗೆ ಬೇಕು. ಅಟ್ಟದಿಂದ ನಿನ್ನದನ್ನು ಇಳಿಸಿ, ಧೂಳು ಒರೆಸಿ, ಮೇಲೆ ಹೊತ್ತುಕೊಂಡು ಹೋಗಿ ಕೊಟ್ಟೆ. ಅವಳು ಕೈ ಮುಂದೆ ಮಾಡಲೇ ಇಲ್ಲ. "ಎಷ್ಟು ಕೊಡ್ಬೇಕು ಅಕ್ಕ?" ಅಂದಳು. "ಏನೂ ಬೇಡ, ನನ್ನ ಮನೇಲಿ ಜಾಗ ಆಗ್ಲಿ ಅಂತ ಕೊಡ್ತಿದೀನಿ" ಅಂದೆ. ಆಗ ನಕ್ಕಳು.

ಏನನ್ನಾದರೂ ಕೊಂಡಾಗ ನನಗೆ ಇಂಥ ಸಂತೋಷ ಆಗಿರಲಿಲ್ಲ. ಅಂಗಡಿಬೀದಿಯಲ್ಲಿ ಈಗ ಆಚೆ ಪಕ್ಕ ಹಿಡಿದು ನಡೆಯುತ್ತೇನೆ. ನಿನ್ನೆ ಒಂದು ಪಿಂಗಾಣಿ ಬಟ್ಟಲು ಗಾಜಿನ ಹಿಂದಿನಿಂದ ನನ್ನನ್ನೇ ನೋಡುತ್ತಿತ್ತು. ನಾನೂ ನೋಡಿದೆ. ಹತ್ತರವರೆಗೆ ಎಣಿಸಿದೆ, ಹೊರಟು ಬಂದೆ. ಮನೆಗೆ ಬಂದು ಸ್ವಲ್ಪ ಅತ್ತೆ ಕೂಡ.

ಜನವರಿಯ ಸುದ್ದಿ ಕೇಳಿ ಎದೆ ತುಂಬಿತು. ನಮ್ಮಮ್ಮ ಇರಬೇಕಿತ್ತು.

ಅಕ್ಕ

ಅಕ್ಟೋಬರ್ 26

ಅಕ್ಕಾ,

ಆ ಹೀಟರನ್ನು ವಾಪಸ್ ತೆಗೆದುಕೊ. ಬದಲಿಗೆ ಅವರಿಗೆ ಒಂದು ಹೊಸ ಕರೆಂಟ್ ಹೀಟರಿನ ದುಡ್ಡು ನಾನು ಕಳಿಸುತ್ತೇನೆ. ಅದು ನನ್ನ ಮೊದಲ ಸಂಬಳದಲ್ಲಿ ಕೊಂಡದ್ದು. ನೆನಪಿನ ವಸ್ತು. ಹಾಗೆಂದು ಅವರಿಗೆ ಹೇಳು, ಅರ್ಥ ಮಾಡಿಕೊಳ್ಳುತ್ತಾರೆ.

ದಿನಕ್ಕೆ ಎಷ್ಟು ಹೊತ್ತು ಹಚ್ಚುತ್ತಾರೆ? ಮಗು ಅದೇ ಕೋಣೆಯಲ್ಲಿ ಮಲಗುತ್ತದೆಯೇ? ಕಿಟಕಿಯ ಗಾಜು ಹಾಕಿಸಿದನೇ ಮಾಲೀಕ? ಇವಕ್ಕೆಲ್ಲ ಮರೆಯದೆ ಉತ್ತರ ಬರೆ.

ಇಲ್ಲಿ ಎಲ್ಲ ಸರಿಯಾಗಿದೆ.

ತಮ್ಮ

ನವೆಂಬರ್ 2

ತಮ್ಮಾ,

ಸುಳ್ಳನ್ನೂ ಸರಿಯಾಗಿ ಹೇಳಲು ಬರುವುದಿಲ್ಲ ನಿನಗೆ. ಮೊದಲ ಸಂಬಳದಲ್ಲಿ ನೀನು ಅಮ್ಮನಿಗೆ ಗೋಡೆ ಗಡಿಯಾರ ತಂದೆ. ಅದು ಎರಡೇ ವಾರಕ್ಕೆ ನಿಂತಿತು, ಅಮ್ಮ ಸಾಯುವವರೆಗೆ ಅದನ್ನು ಗೋಡೆಯಿಂದ ಇಳಿಸಲು ಬಿಡಲಿಲ್ಲ. ಹೀಟರ್ ನೀನು ತಂದದ್ದು ಈ ಮಾರ್ಚಿನಲ್ಲಿ.

ನಿನಗೇನಾಗಿದೆ ಎಂದು ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ಅದು ನನಗೇ ಆಗಿದ್ದ ಕಾಯಿಲೆ. ಮನೆಯಲ್ಲಿದ್ದಾಗ ಆ ವಸ್ತುವನ್ನು ತಿರುಗಿಯೂ ನೋಡುವುದಿಲ್ಲ. ಇನ್ನೊಬ್ಬರ ಕೈಗೆ ಹೋದ ಕೂಡಲೇ ಅದು ಬಂಗಾರವಾಗುತ್ತದೆ. ನಾನೂ ಹಳೆಯ ಕೊಡೆಯೊಂದನ್ನು ಕೊಟ್ಟು ಮೂರು ದಿನ ಊಟ ಬಿಟ್ಟಿದ್ದೆ. ಆಮೇಲೆ ಸರಿಹೋಯಿತು. ನಿನಗೂ ಸರಿಹೋಗುತ್ತದೆ. ಕೊಟ್ಟದ್ದನ್ನು ಕೇಳುವುದಿಲ್ಲ ಎಂಬ ನಿಯಮವನ್ನು ನಿನಗಾಗಿ ಮುರಿದರೆ ನಾಳೆ ನನಗಾಗಿಯೂ ಮುರಿಯುತ್ತೇನೆ. ಒಂದು ತಿಂಗಳು ತಡೆದು ತೋರಿಸು ಅಂದವನು ನೀನೇ. ಇವತ್ತಿಗೆ ತಿಂಗಳಾಯಿತು.

ನೀನು ಕೇಳಿದ್ದಕ್ಕೆ ಉತ್ತರ, ನಾನು ವಿಚಾರಿಸದೆ ಅವಳಾಗೇ ಹೇಳಿದ್ದು. ಗ್ಯಾಸು ಉಳಿಯಲಿ ಎಂದು ಅವಳು ದಿನಕ್ಕೊಂದೇ ಗಂಟೆ ಹಚ್ಚುತ್ತಾಳೆ. ಮಗು ಅದೇ ಕೋಣೆಯಲ್ಲಿ ಮಲಗುತ್ತದೆ, ಇರುವುದು ಒಂದೇ ಕೋಣೆ. ಗಾಜು ಹಾಕಿಸಿಲ್ಲ. ಮೆಟ್ಟಿಲ ಮೇಲೆ ಸಿಕ್ಕಾಗ ಅವಳು, "ನಿಮ್ಮ ತಮ್ಮಂಗೆ ಪುಣ್ಯ ಬರ್ಲಿ, ಮಗು ಈಗ ಅಲ್ಲಾಡ್ದೆ ಮಲಗತ್ತೆ" ಅಂದಳು. ಇದನ್ನು ಓದಿಯಾದರೂ ನಿನ್ನ ಮನಸ್ಸು ಕರಗಲಿ.

ಕನ್ನಡಕದಂಗಡಿ ಐದನೇ ತಾರೀಖಿನಿಂದ ಒಂದು ತಿಂಗಳು ಮುಚ್ಚುತ್ತದೆ, ನೆಲ ಅಗೆದು ಹೊಸದು ಹಾಕುತ್ತಾರಂತೆ. ನಾನು ಮನೆಯಲ್ಲೇ. ಮನೆಯಲ್ಲಿ ಕೂತರೆ ಕೊಳ್ಳುವ ಆಸೆ ಹುಟ್ಟುತ್ತದೆಂದು ಹೆದರಿಕೆ. ಅದಕ್ಕೇ ಕೊಡುವುದನ್ನು ದಿನಕ್ಕೆ ಎರಡು ಮಾಡಿಕೊಂಡಿದ್ದೇನೆ. ಇವತ್ತು ದಪ್ಪ ರಜಾಯಿ ಹೋಯಿತು. ಇನ್ನೊಂದು ತೆಳ್ಳಗಿನದಿದೆ, ಸಾಕು.

ಅಕ್ಕ

ನವೆಂಬರ್ 9

ಅಕ್ಕಾ,

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ಮೊದಲ ಸಂಬಳದ ಮಾತು ಸುಳ್ಳು, ಒಪ್ಪಿಕೊಂಡೆ. ನಿಜವಾದ ಕಾರಣ ಪತ್ರದಲ್ಲಿ ಬರೆಯುವಂಥದ್ದಲ್ಲ. ಡಿಸೆಂಬರಿನಲ್ಲಿ ಎದುರಿಗೆ ಕೂತು ಹೇಳುತ್ತೇನೆ. ಆಗ ಬೇಕಾದರೆ ಬೈ.

ಚಿಕ್ಕಂದಿನಿಂದ ನಾನು ನಿನ್ನನ್ನು ಏನೂ ಬೇಡಿದವನಲ್ಲ. ಈಗ ಬೇಡುತ್ತಿದ್ದೇನೆ. ಮಹಡಿ ಹತ್ತಿ ಅದನ್ನು ಕೇಳಿ ತೆಗೆದುಕೊ. ಬೇರೆ ಯಾರ ಕೈಗೂ ಕೊಡಬೇಡ. ನೀನೇ ಇಟ್ಟುಕೊ. ನಾನು ಬರುವವರೆಗೆ ನಿನ್ನ ಹತ್ತಿರವೇ ಇರಲಿ.

ಮಗು ಹೇಗಿದೆ ಎಂದು ಬರೆ.

ತಮ್ಮ

ನವೆಂಬರ್ 17

ನನ್ನ ಪುಟ್ಟ ತಮ್ಮನಿಗೆ,

ಮುರಿದೆ. ನಿನಗಾಗಿ ನಿಯಮ ಮುರಿದೆ. ನಿನ್ನೆ ಬೆಳಿಗ್ಗೆ ನಿನ್ನ ಪತ್ರ ಬಂತು, ಮಧ್ಯಾಹ್ನದೊಳಗೆ ನಿನ್ನ ಹೀಟರ್ ಕೆಳಗೆ ಬಂತು.

ಹೇಗೆ ಕೇಳಲಿ ಎಂದು ಮೆಟ್ಟಿಲ ಮೇಲೆ ಎರಡು ಸಲ ನಿಂತೆ. ನಾಚಿಕೆಗೆ ಕಿವಿಯೆಲ್ಲ ಬಿಸಿಯಾಗಿತ್ತು. ಬರಿಗೈಲಿ ಹೋಗಬಾರದೆಂದು ನನ್ನ ಕರೆಂಟ್ ಹೀಟರನ್ನೇ ಹಿಡಿದುಕೊಂಡು ಹೋಗಿದ್ದೆ. ಕಂಡಕ್ಟರಮ್ಮ ಕೂಡಲೇ ಬದಲಾಯಿಸಿಕೊಂಡಳು. "ಒಳ್ಳೇದೇ ಆಯ್ತು ಬಿಡಿ ಅಕ್ಕ. ಹೇಳೋಕೆ ಸಂಕೋಚ ಆಗ್ತಿತ್ತು. ಅದು ಹಚ್ಚಿದ್ರೆ ನಂಗೆ ತಲೆ ಹಿಡ್ಕೊಂಡ ಹಾಗಾಗ್ತಿತ್ತು" ಅಂದಳು. ಎಷ್ಟು ಒಳ್ಳೆಯ ಹೆಂಗಸು ನೋಡು, ನನಗೆ ನಾಚಿಕೆಯಾಗದಿರಲಿ ಎಂದು ಹಾಗೆ ಹೇಳಿದಳು. ಮಗು ಚೆನ್ನಾಗಿದೆ. ಎರಡು ಹಲ್ಲು ಬಂದಿವೆ.

ನಿನ್ನ ಪತ್ರ ಓದುವಾಗ ಒಂದು ವಿಷಯ ಹೊಳೆಯಿತು. ಬೇಡುತ್ತಿದ್ದೇನೆ ಅಂದೆಯಲ್ಲ, ಅಮ್ಮ ಹೋದ ದಿನವೂ ನೀನು ಹಾಗೆ ಮಾತಾಡಿರಲಿಲ್ಲ. ನಿನಗೆ ಬೇಕಾದದ್ದು ಹೀಟರ್ ಅಲ್ಲ. ಆ ಗುಡ್ಡದ ಮೇಲೆ, ರಸ್ತೆಯಿಲ್ಲದ ಜಾಗದಲ್ಲಿ ನೀನು ಒಬ್ಬನೇ ಇದ್ದೀಯ. ನೀನು ಕೊಟ್ಟದ್ದನ್ನು ಅಕ್ಕ ಬೇರೆಯವರಿಗೆ ಕೊಟ್ಟಳಲ್ಲ ಎಂದು ನೊಂದಿದ್ದೀಯ. ಅದು ನನಗೆ ಮೊದಲೇ ತಿಳಿಯಬೇಕಿತ್ತು. ಕೊಡುವ ಹುಮ್ಮಸ್ಸಿನಲ್ಲಿ ಕೊಟ್ಟವರ ಮುಖ ಮರೆತೆ. ತಪ್ಪಾಯಿತು.

ಅದಕ್ಕೇ ಅದನ್ನು ಅಟ್ಟಕ್ಕೆ ಹಾಕಲಿಲ್ಲ. ಮಂಚದ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ. ನಿನ್ನೆ ಮಧ್ಯಾಹ್ನದಿಂದ ಉರಿಯುತ್ತಲೇ ಇದೆ. ಎಷ್ಟು ಬೆಚ್ಚಗಿದೆ ಗೊತ್ತಾ. ತೆಳ್ಳನೆಯ ರಜಾಯಿಯನ್ನೂ ಮೊನ್ನೆ ಕೊಟ್ಟುಬಿಟ್ಟಿದ್ದೆ, ಈಗ ಅದರ ಚಿಂತೆಯಿಲ್ಲ. ನನ್ನ ಕಿಟಕಿಯ ಸಂದಿಯಿಂದ ಗಾಳಿ ಸಿಳ್ಳೆ ಹಾಕುತ್ತಿತ್ತು. ಸುತ್ತ ಟೇಪ್ ಅಂಟಿಸಿ, ಬಾಗಿಲ ಕೆಳಗೆ ಹಳೇ ಟವೆಲ್ ಸುತ್ತಿ ಇಟ್ಟೆ. ಟೇಪನ್ನೂ ಕೊಳ್ಳಲಿಲ್ಲ, ಮನೆಯಲ್ಲೇ ಆರು ಉರುಳೆ ಇದ್ದವು. ನೀನು ನೋಡಿದ್ದರೆ ಸುರಕ್ಷತಾ ಅಧಿಕಾರಿಯ ಅಕ್ಕ ಅಂತ ಭೇಷ್ ಅನ್ನುತ್ತಿದ್ದೆ.

ಇವತ್ತು ಹನ್ನೊಂದು ಗಂಟೆಗೆ ಎದ್ದೆ. ಎಷ್ಟೋ ವರ್ಷದಿಂದ ಹಾಗೆ ಮಲಗಿರಲಿಲ್ಲ. ತಲೆ ಮಾತ್ರ ನೋಯುತ್ತಿದೆ, ಈ ಸಾಲುಗಳು ಕೆಳಗೆ ಜಾರಿದ ಹಾಗೆ ಕಾಣುತ್ತಿವೆ. ಕಣ್ಣಿನ ನಂಬರ್ ಬದಲಾಗಿರಬೇಕು. ಊರಿಗೆಲ್ಲ ಕನ್ನಡಕ ಮಾಡಿಕೊಡುವವಳು ನನ್ನ ಕಣ್ಣು ತೋರಿಸಿ ನಾಲ್ಕು ವರ್ಷವಾಯಿತು. ಅಂಗಡಿ ತೆರೆಯಲಿ, ಮೊದಲ ಕೆಲಸ ಅದೇ.

ಇನ್ನೊಂದು ಸಂತೋಷದ ವಿಷಯ. ಬೆಳಿಗ್ಗೆಯಿಂದ ಕೂತಲ್ಲೇ ಕೂತಿದ್ದೇನೆ, ಏನನ್ನೂ ಕೊಳ್ಳಬೇಕು ಅನ್ನಿಸುತ್ತಿಲ್ಲ. ಆ ಪಿಂಗಾಣಿ ಬಟ್ಟಲನ್ನು ನೆನೆಸಿಕೊಂಡು ನೋಡಿದೆ, ಆಗಲೂ ಇಲ್ಲ. ಊಟ ಕೂಡ ಬೇಡ ಅನ್ನಿಸುತ್ತಿದೆ. ಇವತ್ತು ಏನು ಕೊಟ್ಟೆ ಎಂದು ಬರೆಯೋಣವೆಂದರೆ ನೆನಪಾಗುತ್ತಿಲ್ಲ. ಕೊಟ್ಟೆನೋ ಇಲ್ಲವೋ.

ಕಂಡಕ್ಟರಮ್ಮ ಡ್ಯೂಟಿಗೆ ಹೋಗುವಾಗ ಈ ಪತ್ರವನ್ನು ಡಬ್ಬಕ್ಕೆ ಹಾಕುತ್ತಾಳೆ. ಆಮೇಲೆ ಅವಳು ಹತ್ತು ದಿನ ತವರಿಗೆ ಹೋಗುತ್ತಾಳಂತೆ, ಮೇಲೆ ಯಾರೂ ಇರುವುದಿಲ್ಲ. ನಾನು ಇನ್ನೊಂದು ಸ್ವಲ್ಪ ಮಲಗುತ್ತೇನೆ.

ನಿನ್ನ ಅಕ್ಕ

ನವೆಂಬರ್ 20

ಅಕ್ಕಾ,

ನಿನ್ನ ಉತ್ತರ ಇನ್ನೂ ಬಂದಿಲ್ಲ. ಬಂದರೂ ಅದರಲ್ಲಿ ಏನಿರುತ್ತದೆಂದು ಗೊತ್ತು. ನೀನು ಅದನ್ನು ವಾಪಸ್ ಕೇಳಿರುವುದಿಲ್ಲ. ನಿಯಮ ಅಂದರೆ ನಿಯಮ, ಅದೂ ನಿನ್ನದು.

ಇವತ್ತು ಹೊಸ ಕೆಲಸಗಾರರಿಗೆ ಪಾಠ ಮಾಡಲು ನನ್ನನ್ನು ನಿಲ್ಲಿಸಿದರು. ಹೋದ ಚಳಿಗಾಲದಲ್ಲಿ ಇಲ್ಲಿ ನಡೆದದ್ದನ್ನು ನಾನೇ ಅವರಿಗೆ ಹೇಳಬೇಕಾಗಿತ್ತು. ಹೇಳುತ್ತಾ ಹೇಳುತ್ತಾ ಅರ್ಧದಲ್ಲೇ ಕೂತುಬಿಟ್ಟೆ. ಮುಂದಿನ ಸಾಲಿನಲ್ಲಿ ಕೂತವನೊಬ್ಬ ನೀರು ತಂದುಕೊಟ್ಟ. ಅವರಿಗೆ ಹೇಳಿದ್ದನ್ನೇ ನಿನಗೂ ಹೇಳುತ್ತೇನೆ, ಅವರಿಗೆ ಹೇಳದ್ದನ್ನೂ ಹೇಳುತ್ತೇನೆ.

ಆಗ ಕೆಲಸಗಾರರು ಮಲಗುವ ಶೆಡ್ಡುಗಳಿಗೆಂದು ಹನ್ನೆರಡು ಗ್ಯಾಸ್ ಹೀಟರ್ ತರಿಸಿದ್ದರು. ಮೂರನೇ ಶೆಡ್ಡಿನ ವೆಲ್ಡರ್ ಒಂದು ಬೆಳಿಗ್ಗೆ ಏಳಲಿಲ್ಲ. ಆ ಹೀಟರಿನಲ್ಲಿ ಗ್ಯಾಸು ಪೂರ್ತಿ ಉರಿಯದೆ ವಿಷವಾಗುತ್ತಿತ್ತು. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಮೊದಲು ತಲೆ ನೋಯುತ್ತದೆ, ಆಮೇಲೆ ನಿದ್ದೆ ಬರುತ್ತದೆ. ಹನ್ನೆರಡನ್ನೂ ಜಜ್ಜಿಹಾಕಲು ಆದೇಶ ಬಂತು, ಜಜ್ಜಿಸಿದ್ದೇನೆಂದು ಸಹಿ ಹಾಕಬೇಕಾದವನು ನಾನು.

ಹನ್ನೊಂದನ್ನು ಜಜ್ಜಿಸಿದೆ. ಹನ್ನೆರಡನೆಯದು ಪೊಟ್ಟಣದಲ್ಲೇ ಇತ್ತು, ಒಂದು ಗೀರೂ ಬಿದ್ದಿರಲಿಲ್ಲ. ಸುತ್ತಿಗೆ ಎತ್ತಲು ಮನಸ್ಸಾಗಲಿಲ್ಲ. ಒಂದು ಕೆಟ್ಟಿದ್ದರೆ ಎಲ್ಲವೂ ಕೆಟ್ಟಿರಬೇಕೇ ಅಂದುಕೊಂಡೆ. ಹನ್ನೆರಡಕ್ಕೂ ಸಹಿ ಹಾಕಿ ಅದನ್ನು ನಿನಗೆ ಹೊತ್ತು ತಂದೆ. ಎಲ್ಲದರಲ್ಲೂ ಅದೇ ದೋಷವೆಂದು ವರದಿ ಬಂದದ್ದು ಆಮೇಲೆ. ನೀನು ಕಂಡದ್ದನ್ನೆಲ್ಲ ಕೊಳ್ಳುತ್ತೀಯೆಂದು ಆಡಿಕೊಳ್ಳುತ್ತಿದ್ದವನು ನಾನು. ಪುಕ್ಕಟೆ ಸಿಕ್ಕ ಒಂದು ಡಬ್ಬವನ್ನು ಬಿಡಲಾಗಲಿಲ್ಲ ನನಗೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ನಿನ್ನ ಹತ್ತಿರ ಮೂರು ಕರೆಂಟ್ ಹೀಟರ್ ಇವೆ, ಇದು ಅಟ್ಟ ಸೇರುತ್ತದೆ, ಅಲ್ಲೇ ತುಕ್ಕು ಹಿಡಿಯುತ್ತದೆ ಎಂದು ಸುಮ್ಮನಾದೆ.

ಫೋನ್ ಮಾಡಬಹುದಿತ್ತಲ್ಲ ಎಂದು ನೀನು ಕೇಳುತ್ತೀಯ. ಆಫೀಸು ನನ್ನ ಕೋಣೆಯಿಂದ ನಲವತ್ತು ಹೆಜ್ಜೆ. ನಿಮ್ಮೂರಿನ ಅಗ್ನಿಶಾಮಕದವರಿಗೆ ಒಂದು ಮಾತು ಹೇಳಿದರೆ ಅರ್ಧ ಗಂಟೆಯಲ್ಲಿ ಮಹಡಿ ಹತ್ತುತ್ತಾರೆ. ಎರಡು ಸಲ ಹೋದೆ. ಎರಡು ಸಲವೂ ಗುಮಾಸ್ತ ರಿಜಿಸ್ಟರ್ ತೆರೆದು, "ಯಾರಿಗೆ ಸಾರ್? ಏನ್ ವಿಷಯ ಅಂತ ಬರ್ಕೊಳ್ಲಿ?" ಅಂದ. "ಆಮೇಲೆ ಬರ್ತೀನಿ" ಎಂದು ಹೊರಟು ಬಂದೆ. ಆ ಪುಸ್ತಕದಲ್ಲಿ ಹೀಟರ್ ಎಂಬ ಮಾತು ಬಿದ್ದರೆ ನನ್ನ ಸಹಿ ಹೊರಗೆ ಬರುತ್ತದೆ. ಜನವರಿ ಇರಲಿ, ಈ ಕೆಲಸವೂ ಇರುವುದಿಲ್ಲ, ಜೈಲೂ ಆಗಬಹುದು.

ನಾನು ರಾಕ್ಷಸ ಅಂದುಕೊಳ್ಳಬೇಡ. ಕೂತು ಲೆಕ್ಕ ಹಾಕಿದ್ದೇನೆ. ಮೇಲಿನ ಕಿಟಕಿಯಲ್ಲಿ ಅಂಗೈ ಅಗಲ ಸಂದಿಯಿದೆ. ಅವರು ದಿನಕ್ಕೆ ಒಂದೇ ಗಂಟೆ ಹಚ್ಚುತ್ತಾರೆ. ಅಷ್ಟು ಗಾಳಿ ಆಡುವ ಕೋಣೆಯಲ್ಲಿ ಇನ್ನು ಏಳು ದಿನ ಯಾರಿಗೂ ಏನೂ ಆಗುವುದಿಲ್ಲ. ಹದಿನೆಂಟು ವರ್ಷದಿಂದ ಗಾಳಿ ಅಳೆಯುವವನು, ಇದೊಂದರಲ್ಲಿ ನಾನು ತಪ್ಪುವುದಿಲ್ಲ. ಏಳು ದಿನಕ್ಕೆ ಈ ಪತ್ರ ನಿನ್ನ ಕೈಸೇರುತ್ತದೆ. ಓದಿದ ಕೂಡಲೇ ಮೇಲೆ ಹೋಗು, ಉರಿ ಆರಿಸು, ಆ ತಾಯಿಮಗುವನ್ನು ಹೊರಗೆ ಕರೆದುಕೊಂಡು ಬಾ. ಹೀಟರನ್ನು ಕಲ್ಲು ಹಾಕಿ ಜಜ್ಜಿಬಿಡು. ಈ ಪತ್ರವನ್ನು ಸುಟ್ಟುಬಿಡು.

ಒಂದು ಮಾತು ಮಾತ್ರ ನಂಬು ಅಕ್ಕ. ಅದು ನಿನ್ನ ಕೋಣೆಯಲ್ಲಿ ಇದ್ದಿದ್ದರೆ ನಾನು ಈ ಲೆಕ್ಕವನ್ನೆಲ್ಲ ಹಾಕುತ್ತಲೇ ಇರಲಿಲ್ಲ. ಕೆಲಸ ಹೋದರೆ ಹೋಗಲಿ ಎಂದು ಆವತ್ತೇ ಓಡಿಹೋಗಿ ಫೋನ್ ಮಾಡುತ್ತಿದ್ದೆ.

ನಿನ್ನ ತಮ್ಮ